ಸಿದ್ದಾಪುರ ಬ್ರಾಂಚ್

ಸಿದ್ದಾಪುರ
೧೯ ಜನವರಿ ೨೦೦೪

ಅಣ್ಣನಿಗೆ,

ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಮನ್ಮನೆ ಊರಿನ ನಮ್ಮ ಮನೆಯಲ್ಲಿ ಅವಳು ಆರಾಮಾಗಿದ್ದಾಳೆ. ಆರಾಮ ಇಲ್ಲದ್ದು ನನ್ನ ಕಂಪ್ಯೂಟರಿಗೆ ಮತ್ತು ನನಗೆ.

ಫೋನ್ ಮಾಡುವುದು ಬಿಟ್ಟು ಪತ್ರ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನೀನೇ ಹೇಳಿಕೊಂಡು, ಅದಕ್ಕೆ ಉತ್ತರವನ್ನೂ ಕೊಟ್ಟು ಇಟ್ಟುಬಿಡುತ್ತೀಯ. ಇದನ್ನು ಬೆಳಗಿನ ಶಿರಸಿ ಬಸ್ಸಿನ ಡ್ರೈವರ್ ಹೊನ್ನನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದದ ಮಾತನ್ನು ನಡುವೆ ತುಂಡು ಮಾಡಲು ಬರುವುದಿಲ್ಲವಲ್ಲ.

ನಾನು ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದಾಗ ನೀನು ನಿನ್ನ ಬಳಿಯಿದ್ದ ಬೀಗದ ಕೈಯಿಂದ ನನ್ನ ಅಂಗಡಿ ತೆರೆದು, ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಶಿರಸಿಗೆ ಒಯ್ದೆ. ಹಳೆಯ ವಿಂಡೋಸ್ ೯೮ ತೆಗೆದು ಹೊಸ ಎಕ್ಸ್‌ಪಿ ಹಾಕಿ ತಂದಿಟ್ಟೆ. ಸಹಾಯ ಎಂದೆ. ನಾನು ಕೇಳಿರಲಿಲ್ಲ. ಆದರೂ ಸುಮ್ಮನಿದ್ದೆ.

ಈಗ ಏನಾಗಿದೆ ಕೇಳು. ಬೆಳಿಗ್ಗೆ ಗುಂಡಿ ಒತ್ತುತ್ತೇನೆ. ಕರಿ ಪರದೆಯ ಮೇಲೆ ನೀಲಿ ಪಟ್ಟಿ ಓಡುತ್ತದೆ. ಆಮೇಲೆ ಸ್ವಲ್ಪ ಕಾಯಿರಿ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಬರುತ್ತದೆ. ಅಲ್ಲಿಗೆ ಮುಗಿಯಿತು. ನಾನು ಕಸ ಗುಡಿಸಿ, ನೀರು ತಂದು, ಊದುಬತ್ತಿ ಹಚ್ಚಿ, ಆ ಬತ್ತಿ ಅರ್ಧ ಉರಿದರೂ ಸಾಲು ಕದಲುವುದಿಲ್ಲ. ನನ್ನ ಅಂಗಡಿಯ ಜೀವ ಇರುವುದೇ ಹಳ್ಳಿಯ ಮೊದಲ ಬಸ್ಸುಗಳು ಬರುವುದಕ್ಕೂ ತಹಶೀಲ್ದಾರ ಕಚೇರಿ ಬಾಗಿಲು ತೆರೆಯುವುದಕ್ಕೂ ನಡುವೆ. ಅರ್ಜಿ ಹೊಡೆಸುವವರೆಲ್ಲ ಬರುವುದು ಆಗಲೇ. ಮೊನ್ನೆ ನಮ್ಮೂರ ಕೆರಿಯಪ್ಪ ಬೆಂಚಿನ ಮೇಲೆ ಕೂತು ಕಾದು ಕಾದು ಹೇಳಿದ: "ತಂಗೀ, ನಿನ್ನ ಡಬ್ಬಿ ಏಳೋದ್ರೊಳಗೆ ನನ್ನ ಎಮ್ಮೆ ಎರಡು ಸಲ ಎದ್ದು ಕೂತ್ಕಂತಿತ್ತು." ಅವನು ನಮ್ಮವನು, ಕಾದ. ಉಳಿದಿಬ್ಬರು ಎದ್ದು ಹೋದರು. ಹೋದವರು ಮತ್ತೆ ಬರುವುದಿಲ್ಲ.

ಆರು ವರ್ಷ ನಾನೊಬ್ಬಳೇ ನಡೆಸಿದ ಅಂಗಡಿ ಅಣ್ಣ ಇದು. 'ಮಮತಾ ಡಿ.ಟಿ.ಪಿ.' ಎಂದು ಬೋರ್ಡಿದೆ. ಇದು ಹೋದರೆ ನನ್ನದು ಎಂದು ಹೇಳಿಕೊಳ್ಳಲು ನನಗೆ ಬೇರೆ ಏನೂ ಇಲ್ಲ.

ಇನ್ನೊಂದು ಮಾತು. ಕಂಪ್ಯೂಟರ್ ಎದ್ದ ಮೇಲೆ ಪರದೆಯ ಬಲ ಮೂಲೆಯಲ್ಲಿ ಹಳದಿ ಬಲೂನಿನಂಥದ್ದು ಮೂಡಿ, ಯಾವುದೋ ನೆಟ್‌ವರ್ಕ್ ಸಿಗಲಿಲ್ಲ ಎಂದು ಹೇಳಿ ಹೋಗುತ್ತದೆ. ಇಲ್ಲಿರುವುದೇ ಒಂದು ಕಂಪ್ಯೂಟರ್. ಅದು ಯಾವ ನೆಟ್‌ವರ್ಕ್ ಹುಡುಕುತ್ತಿದೆ?

ಉತ್ತರ ಬೇಗ ಬರಲಿ.

ಮಮತಾ


ನಂದನ ಕಂಪ್ಯೂಟರ್ ತರಬೇತಿ ಕೇಂದ್ರ, ಶಿರಸಿ
೨೩ ಜನವರಿ ೨೦೦೪

ಮಮತಾ,

ಪತ್ರ ಸಿಕ್ಕಿತು. ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ಮೊದಲ ಪುಟ ನೋಡುವಷ್ಟರಲ್ಲೇ ನನಗೆ ತೊಂದರೆ ಗೊತ್ತಾಯಿತು.

ಕಂಡದ್ದನ್ನೆಲ್ಲ ತುಂಬಿದ್ದೀಯ. ಕಂಪ್ಯೂಟರ್ ಏಳುವಾಗ ಅವೆಲ್ಲ ಒಟ್ಟಿಗೇ ಏಳಲು ನೋಡುತ್ತವೆ. ಸ್ಟಾರ್ಟ್, ಆಮೇಲೆ ರನ್, ಅಲ್ಲಿ ಎಂಎಸ್‌ಕಾನ್ಫಿಗ್ ಎಂದು ಹೊಡಿ. ಸ್ಟಾರ್ಟಪ್ ಎಂಬ ಪುಟದಲ್ಲಿ ಬೇಡದ್ದಕ್ಕೆಲ್ಲ ಟಿಕ್ ತೆಗೆ. ನಿನ್ನ ಲಗ್ನಪತ್ರಿಕೆಯ ಅಕ್ಷರಗಳು, ಆ ಬಳ್ಳಿ ಬಾಲದ ಫಾಂಟುಗಳು, ಅವೂ ಅತಿಯಾಗಿವೆ. ಅರ್ಧ ತೆಗೆದುಹಾಕು. ಸರಿಹೋಗುತ್ತದೆ.

ಹೊಸ ಸಿಸ್ಟಮ್ ಎಂದರೆ ಕಲಿಯಲು ಸ್ವಲ್ಪ ದಿನ ಬೇಕು. ನನ್ನ ಲ್ಯಾಬಿನಲ್ಲಿ ಇದೇ ಎಕ್ಸ್‌ಪಿ ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ. ಸಿಟ್ಟು ಮಾಡಿಕೊಂಡರೆ ಯಂತ್ರ ಬೇಗ ಏಳುವುದಿಲ್ಲ.

ನಂದನ


ಸಿದ್ದಾಪುರ
೬ ಫೆಬ್ರವರಿ ೨೦೦೪

ಅಣ್ಣನಿಗೆ,

ಟಿಕ್ ತೆಗೆದೆ. ಏನೂ ಆಗಲಿಲ್ಲ. ಫಾಂಟ್ ಅರ್ಧ ತೆಗೆದೆ. ಏನೂ ಆಗಲಿಲ್ಲ. ತಪ್ಪಿದೆ, ಒಂದು ಆಯಿತು. ಎಕ್ಕಂಬಿಯ ಮದುವೆ ಮನೆಯವರು ಪ್ರೂಫ್ ನೋಡಲು ಬಂದಾಗ ಅವರು ಆರಿಸಿ ಹೋಗಿದ್ದ ಅಕ್ಷರ ನನ್ನಲ್ಲಿರಲಿಲ್ಲ. ಮದುಮಗನ ಅಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂತ ಮಾರಾಯ್ತಿ, ಇದು ಲಗ್ನದ ಕಾಗ್ದವ, ಕೋರ್ಟಿನ ನೋಟೀಸ?" ಎಂದರು. ಅವರ ಕೆಲಸವೂ ಹೋಯಿತು. ಎಲ್ಲಿಗೆ ಹೋಯಿತು ಗೊತ್ತೇ? ಶಿರಸಿಗೆ. ನಿನ್ನ ಕೇಂದ್ರಕ್ಕೆ.

ಇಲ್ಲಿ ಲಾಭ ಆಗಿರುವುದು ಚಾ ಅಂಗಡಿಯ ಕಲ್ಲವ್ವನಿಗೆ ಮಾತ್ರ. ಕಾಯುವವರಿಗೆಲ್ಲ ಅವಳೇ ಚಾ ತಂದುಕೊಡುವುದು. "ಅಕ್ಕಾರ, ಅವಸರ ಮಾಡಬ್ಯಾಡ್ರಿ," ಎಂದಳು ನಿನ್ನೆ. "ನಿಮ್ ಮಷಿನ್ ಮಲಗಿದಷ್ಟೂ ನನ್ ವ್ಯಾಪಾರ ಚಲೋ ಆಗ್ತದ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ಪೆನ್ಸಿಲನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಅದು ಮುರಿಯಿತು.

ನನ್ನ ಪತ್ರದ ಕೊನೆಯಲ್ಲಿ ಹಳದಿ ಬಲೂನಿನ ವಿಷಯ ಬರೆದಿದ್ದೆ. ಅದಕ್ಕೆ ನೀನು ಉತ್ತರ ಕೊಡಲಿಲ್ಲ. ಕೊನೆಯವರೆಗೆ ಓದಲಿಲ್ಲ ಎಂದು ನಿನ್ನ ಪತ್ರದಲ್ಲೇ ಹೆಮ್ಮೆಯಿಂದ ಹೇಳಿಕೊಂಡಿದ್ದೀಯ. ಆದ್ದರಿಂದ ಈ ಸಲ ಅದನ್ನು ನಡುವೆ ಬರೆಯುತ್ತಿದ್ದೇನೆ. ಬಲೂನು ದಿನವೂ ಬರುತ್ತಿದೆ.

ಲಗ್ನದ ಕಾಲ ಹತ್ತಿರ ಬಂತು.

ಮಮತಾ


ಶಿರಸಿ
೧೧ ಫೆಬ್ರವರಿ ೨೦೦೪

ಮಮತಾ,

ಹೊನ್ನನ ಕೈಯಲ್ಲಿ ಒಂದು ಟೂತ್‌ಪೇಸ್ಟ್ ಡಬ್ಬಿ ಕಳಿಸಿದ್ದೇನೆ. ಅದರೊಳಗೆ ಪೇಪರಿನಲ್ಲಿ ಸುತ್ತಿದ ರ್‍ಯಾಮ್ ಪಟ್ಟಿ ಇದೆ, ಮೆಮರಿ ಹೆಚ್ಚಿಸಲು. ಪೆಟ್ಟಿಗೆ ಬಿಚ್ಚಿ, ಹಳೆಯದರ ಪಕ್ಕದ ಸೀಳಿನಲ್ಲಿ ಎರಡೂ ತುದಿ ಕಟಕ್ ಎನ್ನುವವರೆಗೆ ಒತ್ತು. ನಿನಗಾಗದಿದ್ದರೆ ಮುಟ್ಟಬೇಡ, ನಾನು ಬರುತ್ತೇನೆ.

ಬಲೂನು ಗಿಲೂನು ಎಲ್ಲ ದೊಡ್ಡ ವಿಷಯವಲ್ಲ. ಅದನ್ನು ಮುಚ್ಚಿಬಿಡು.

ನಾನು ಮೊದಲಿಂದಲೂ ಹೇಳುತ್ತಿದ್ದೇನೆ, ಒಂದೊಂದು ಊರಲ್ಲಿ ಒಬ್ಬೊಬ್ಬರೇ ಕೂತು ಮಾಡುವ ಕಾಲ ಇದಲ್ಲ. ಯಲ್ಲಾಪುರದ ಪರಿಮಳಾಳನ್ನು ನೋಡು. ನನ್ನ ಜೊತೆ ಸೇರಿದಳು, ಚಿಂತೆ ಇಲ್ಲ. ನೀನೂ ಯೋಚಿಸು.

ನಂದನ


ಸಿದ್ದಾಪುರ
೧ ಮಾರ್ಚ್ ೨೦೦೪

ಪ್ರಿಯ ಪರಿಮಳಾ,

ಅಣ್ಣನ ಕೇಂದ್ರದ ಮೊದಲ ಬ್ಯಾಚಿನಲ್ಲಿ ನಾವಿಬ್ಬರೂ ಒಂದೇ ಸ್ಟೂಲಿನ ಮೇಲೆ ಕೂತು ಟೈಪಿಂಗ್ ಕಲಿತದ್ದು ನೆನಪಿದೆಯಲ್ಲ? ಆ ಸಲುಗೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದೇನೆ.

ನನ್ನ ಕಂಪ್ಯೂಟರಿಗೆ ಅಣ್ಣ ಹೊಸ ಸಿಸ್ಟಮ್ ಹಾಕಿದ ಮೇಲೆ ಅದು ಬೆಳಿಗ್ಗೆ ಏಳುವುದೇ ಇಲ್ಲ. ಅವನು ಹೇಳಿದ್ದನ್ನೆಲ್ಲ ಮಾಡಿದೆ. ರ್‍ಯಾಮ್ ನಾನೇ ಹಾಕಿದೆ. ಹಾಕಿದ ಮೇಲೆ ಕೆಲಸವೇನೋ ಚುರುಕಾಯಿತು, ಏಳುವುದು ಮಾತ್ರ ಮೊದಲಿನಷ್ಟೇ ತಡ. ಹಾಗಾದರೆ ಅದು ಬಡಕಲಾಗಿ ತಡಮಾಡುತ್ತಿಲ್ಲ, ಅಲ್ಲವೇ?

ಮೊನ್ನೆ ಬೆಳಿಗ್ಗೆ ಪರದೆ ನೋಡುವುದು ಬಿಟ್ಟು ಪೆಟ್ಟಿಗೆಯನ್ನೇ ನೋಡುತ್ತ ಕೂತೆ. ಅದರ ಮುಂದೆ ಒಂದು ಸಣ್ಣ ಕೆಂಪು ದೀಪ ಇದೆಯಲ್ಲ, ಒಳಗೆ ಡಿಸ್ಕ್ ಓಡುವಾಗ ಮಿನುಗುವುದು. ಸ್ವಲ್ಪ ಕಾಯಿರಿ ಎಂಬ ಇಂಗ್ಲಿಷ್ ಸಾಲು ಬಂದು ನಿಂತಷ್ಟು ಹೊತ್ತೂ ದೀಪ ಮಿನುಗಲಿಲ್ಲ. ಕಿವಿ ಇಟ್ಟೆ, ಒಳಗೆ ಫ್ಯಾನ್ ಬಿಟ್ಟರೆ ಸದ್ದಿಲ್ಲ. ಅಂದರೆ ಅದು ದುಡಿಯುತ್ತಿಲ್ಲ. ಕಾಯುತ್ತಿದೆ. ಯಾರದ್ದೋ ಉತ್ತರಕ್ಕೆ ಕಾದು, ಬೇಸತ್ತು, ಆಮೇಲೆ ತಾನೇ ಏಳುತ್ತಿದೆ.

ಯಾರನ್ನು ಕಾಯುತ್ತಿರಬಹುದು? ನಿನ್ನಲ್ಲೂ ಅವನೇ ಹಾಕಿದ್ದಲ್ಲವೇ? ನಿನ್ನದು ಹೇಗೆ ಏಳುತ್ತದೆ?

ನಿನ್ನ
ಮಮತಾ


ಯಲ್ಲಾಪುರ
೯ ಮಾರ್ಚ್ ೨೦೦೪

ಪ್ರಿಯ ಮಮತಾ,

ನಿನ್ನ ಪತ್ರ ಓದಿ ಆಶ್ಚರ್ಯವಾಯಿತು. ಯಾಕೆಂದರೆ ಅವರ ಜೊತೆ ಸೇರಲು ನೀನು ಒಪ್ಪಿದ್ದೀಯ ಎಂದೇ ನಾನು ತಿಳಿದಿದ್ದೆ. ದೀಪಾವಳಿಗೆ ನಂದನಣ್ಣ ಇಲ್ಲಿಗೆ ಬಂದಾಗ "ಇನ್ನು ಸಿದ್ದಾಪುರವೂ ನಮ್ಮದೇ ಬ್ರಾಂಚು" ಎಂದಿದ್ದರು.

ಪರದೆಯ ಮೇಲಿನ ಮೈ ಕಂಪ್ಯೂಟರ್ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು ನೋಡು. ನಿನ್ನ ಕಂಪ್ಯೂಟರಿಗೆ ಏನು ಹೆಸರಿಟ್ಟಿದ್ದಾರೆ ಎಂದು ಅಲ್ಲಿ ಕಾಣುತ್ತದೆ.

ನನ್ನದೂ ಹೀಗೇ ಆಗಿತ್ತು. ಅವರು ಒಂದೊಂದಕ್ಕೇ ಬೇರೆ ಬೇರೆ ಸಿಸ್ಟಮ್ ಹಾಕುತ್ತ ಕೂರುವುದಿಲ್ಲ. ಶಿರಸಿ ಲ್ಯಾಬಿನ ಒಂದು ಕಂಪ್ಯೂಟರಿನ ಡಿಸ್ಕನ್ನು ಹಾಗೇ ನಕಲು ಹೊಡೆಯುತ್ತಾರೆ. ಲ್ಯಾಬಿನವೆಲ್ಲ ಎದ್ದ ಕೂಡಲೇ ಅಲ್ಲಿನ ದೊಡ್ಡ ಯಂತ್ರವನ್ನು, ಸರ್ವರ್ ಎನ್ನುತ್ತಾರಲ್ಲ ಅದನ್ನು, ಒಳಗೆ ಬರಲೇ ಎಂದು ಕೇಳುತ್ತವೆ. ನಕಲಾದವೂ ಕೇಳುತ್ತವೆ. ಶಿರಸಿಯಲ್ಲಿ ಉತ್ತರ ಸಿಗುತ್ತದೆ. ಸಿದ್ದಾಪುರದಲ್ಲಿ ಕೂತು ಕೇಳಿದರೆ ಯಾರು ಉತ್ತರ ಕೊಡಬೇಕು?

ನಾನು ದೂರು ಹೇಳಿದಾಗ ಅವರು ಇಲ್ಲಿಗೊಂದು ಸರ್ವರ್ ತಂದು ಕೂರಿಸಿದರು. ಆಮೇಲೆ ಪಟಕ್ಕನೆ ಏಳತೊಡಗಿತು. 'ನಂದನ ಕಂಪ್ಯೂಟರ್, ಯಲ್ಲಾಪುರ' ಎಂಬ ಬೋರ್ಡೂ ಅದೇ ಗಾಡಿಯಲ್ಲಿ ಬಂತು. ನನ್ನ ಹಳೆಯ ಬೋರ್ಡು ಈಗ ಕೊಟ್ಟಿಗೆಯಲ್ಲಿ ಹುಲ್ಲಿಗೆ ಅಡ್ಡ ನಿಂತಿದೆ. ಬೈದವರಿಲ್ಲ, ಕಸಿದವರಿಲ್ಲ. ಪ್ರತಿಯೊಂದೂ ಸಹಾಯವಾಗಿಯೇ ಬಂತು. ಸಹಾಯಕ್ಕೆ ಬೇಡ ಎನ್ನುವುದು ಹೇಗೆಂದು ನನಗೆ ತಿಳಿಯಲಿಲ್ಲ. ಒಂದು ದಿನ ನೋಡಿದರೆ ನಾನು ನೌಕರಿಯಲ್ಲಿದ್ದೆ.

ಅತ್ತೆಯ ಹತ್ತಿರ ಹೇಳಿಕೊಂಡರೆ, "ಅಡ್ಡಿಲ್ಲೆ ಬಿಡು, ಗನಾ ಮನ್ಷ, ಒಳ್ಳೇವ ಅಂವ. ನಿಂಗೆ ಎಂತ ಕಮ್ಮಿ ಆತು ಈಗ?" ಎಂದರು. ಏನು ಕಮ್ಮಿಯಾಯಿತು ಎಂದು ಹೇಳಲು ನನಗೂ ಬರಲಿಲ್ಲ. ನಿನಗೆ ಬಂದರೆ ಬರೆದು ತಿಳಿಸು.

ಪರಿಮಳಾ


ಸಿದ್ದಾಪುರ
೧೩ ಮಾರ್ಚ್ ೨೦೦೪

ನಂದನಣ್ಣನಿಗೆ,

ನೋಡಿದೆ. ನನ್ನ ಕಂಪ್ಯೂಟರಿನ ಹೆಸರು 'ಸಿದ್ದಾಪುರ ಬ್ರಾಂಚ್'.

ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಆಗ ನೀನು ನಿನ್ನ ಲ್ಯಾಬಿನಲ್ಲಿ ಕೂತು ಈ ಹೆಸರು ಹೊಡೆದೆ. ಹೊಡೆಯುವಾಗ ಒಂದು ಕ್ಷಣವೂ ಬೆರಳು ನಿಲ್ಲಲಿಲ್ಲವೇ?

ಜನವರಿಯಿಂದ ನೀನು ನನಗೆ ಹೇಳಿದ್ದು ಏನು? ನಾನು ಕಂಡದ್ದೆಲ್ಲ ತುಂಬಿದ್ದೇನೆ. ನನ್ನ ಅಕ್ಷರಗಳು ಅತಿಯಾದವು. ನನಗೆ ಕಲಿಯಲು ದಿನ ಬೇಕು. ನನ್ನ ಸಿಟ್ಟಿನಿಂದ ಯಂತ್ರ ಏಳುವುದಿಲ್ಲ. ಒಂದೇ ಒಂದು ಸಲವೂ ನಿನ್ನ ಕೈಯಲ್ಲಿ ತಪ್ಪಾಗಿರಬಹುದೆಂದು ನೀನು ಹುಡುಕಲಿಲ್ಲ. ಹಳದಿ ಬಲೂನು ದಿನವೂ ಬಂದು ನಿಜ ಹೇಳುತ್ತಿತ್ತು. ಅದನ್ನು ಮುಚ್ಚು ಎಂದೆ. ಗೊತ್ತಿಲ್ಲದೆ ಹೇಳಿದೆಯೋ, ಗೊತ್ತಿದ್ದೇ ಹೇಳಿದೆಯೋ? ಗೊತ್ತಿಲ್ಲದೆ ಎಂದಾದರೆ ಮೂರು ಊರಿಗೆ ಕಂಪ್ಯೂಟರ್ ಕಲಿಸುವ ಬೋರ್ಡು ಇಳಿಸು. ಗೊತ್ತಿದ್ದು ಎಂದಾದರೆ ಇನ್ನೇನು ಬರೆಯಬೇಕೋ ನನಗೆ ತಿಳಿಯದು.

ನಾನು ದಿನವೂ ಬೆಳಿಗ್ಗೆ ಗಿರಾಕಿಗಳ ಎದುರು ಮುಖ ಸಣ್ಣದು ಮಾಡಿಕೊಂಡು ಕೂತಿದ್ದು ಯಾತಕ್ಕೆ? ನನ್ನ ಯಂತ್ರ ನಿನ್ನ ಅಪ್ಪಣೆಗೆ ಕಾಯುತ್ತಿತ್ತು ಎಂಬುದಕ್ಕೆ.

ಪ್ರಾಪರ್ಟೀಸಿನಲ್ಲೇ ನಿನ್ನ ಸರ್ವರಿನ ಸಂಬಂಧ ಕಡಿಯಲು ಜಾಗ ಇದೆ. ಒತ್ತಿದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಅದು ನಿನ್ನ ಬಳಿ ಇದೆ. ಪತ್ರದಲ್ಲಿ ಬರೆದು ಕಳಿಸು. ಬೇರೆ ಏನೂ ಬರೆಯಬೇಡ.

ಮಮತಾ


ಶಿರಸಿ
೧೬ ಮಾರ್ಚ್ ೨೦೦೪

ಮಮತಾ,

ಏನು ಭಾಷೆ ಇದು? ಅಣ್ಣನಿಗೆ ಬರೆಯುವ ಪತ್ರವೇ?

ನಕಲು ಹೊಡೆದದ್ದು ಬೇಗ ಆಗಲಿ ಎಂದು. ಹೆಸರು ಇಟ್ಟದ್ದು ಗುರುತಿಗೆ. ಹೌದು, ಮುಂದೆ ಸೇರಿಸಿಕೊಳ್ಳುವ ಯೋಚನೆ ಇತ್ತು, ಇದೆ. ಅದರಲ್ಲಿ ಕಳ್ಳತನ ಏನು? ನಿನಗೆ ಹುಷಾರಿಲ್ಲದ ದಿನ ಬಾಗಿಲು ತೆರೆಯುವವರು ಯಾರು? ನಾಳೆ ಪಕ್ಕದಲ್ಲೇ ದೊಡ್ಡ ಅಂಗಡಿ ಬಂದು ಕೂತರೆ ಒಬ್ಬಳೇ ಏನು ಮಾಡುತ್ತೀಯ? ಅಪ್ಪ ಇದ್ದಿದ್ದರೆ ನನಗೆ ಇದನ್ನೇ ಮಾಡು ಎನ್ನುತ್ತಿದ್ದರು.

ಪಾಸ್‌ವರ್ಡ್ ಬಸ್ಸಿನಲ್ಲಿ ಕಳಿಸುವ ವಸ್ತುವಲ್ಲ. ಗುರುವಾರ ಬರುತ್ತೇನೆ. ಬಂದು ಸರಿಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡ.

ನಂದನ


ಸಿದ್ದಾಪುರ
೨೦ ಮಾರ್ಚ್ ೨೦೦೪

ಪ್ರಿಯ ಪರಿಮಳಾ,

ಏನು ಕಮ್ಮಿಯಾಯಿತು ಎಂದು ಕೇಳಿದ್ದೆಯಲ್ಲ. ಗುರುವಾರ ನನ್ನ ಅಂಗಡಿಯಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಅಣ್ಣ ಬಾಡಿಗೆ ಗಾಡಿಯಲ್ಲಿ ಬಂದ. ಇಳಿಯುವಾಗಲೇ ಕೈಯಲ್ಲಿ ಒಂದು ದೊಡ್ಡ ಪೆಟ್ಟಿಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ಬೆಂಚಿನ ಮೇಲೆ ಕೆರಿಯಪ್ಪ, ಜಮೀನಿನ ಪಹಣಿಗೆ ಅರ್ಜಿ ಹೊಡೆಸಲು ಕಾಯುತ್ತ.

"ದಾರಿ ಬಿಡೆ ಮಮತಾ, ಭಾರ ಇದ್ದು."

"ಎಂತ ಅದು?"

"ಸರ್ವರ್. ಇದೊಂದು ಮೂಲೇಲಿ ಇಟ್ರೆ ಸಾಕು, ನಿನ್ನ ಕಂಪ್ಯೂಟರ್ ಪಟಕ್ಕ ಅಂತ ಏಳ್ತದೆ."

"ನಾ ಕೇಳಿದ್ದು ಪಾಸ್‌ವರ್ಡು."

"ಏಳೋದು ಬೇಕಾ, ಪಾಸ್‌ವರ್ಡ್ ಬೇಕಾ ನಿಂಗೆ?"

"ಪಾಸ್‌ವರ್ಡು."

ಪೆಟ್ಟಿಗೆ ಹೊತ್ತುಕೊಂಡೇ ನಿಂತಿದ್ದ. ಬೆವರುತ್ತಿದ್ದ. "ಹಂಗಾರೆ ಇದನ್ನ ಎಲ್ಲಿಡ್ಲಿ ಈಗ?"

"ಎಲ್ಲಿಂದ ತೆಗ್ದ್ಯೋ ಅಲ್ಲಿ. ಗಾಡೀಲಿ."

ಕೆರಿಯಪ್ಪ ಬೆಂಚಿನಿಂದ ಹೇಳಿದ, "ನಂದನ, ಕೆಳಗಾದ್ರೂ ಇಡೋ ಮಾರಾಯ, ಸೊಂಟ ಹಿಡ್ಕಂಡೀತು. ಆಮೇಲೆ ಅದ್ಕೂ ಒಂದು ಬ್ರಾಂಚ್ ಮಾಡ್ಬೇಕು." ಚಾ ತಂದ ಕಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅಣ್ಣನ ಮುಖ ಕೆಂಪಾಯಿತು. ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ಬಂದು, ನನ್ನನ್ನು ದಾಟಿ ನನ್ನ ಕುರ್ಚಿಯಲ್ಲಿ ಕೂತ. ಏನೋ ಹೊಡೆಯತೊಡಗಿದ. ಏನು ಮಾಡುತ್ತಿದ್ದೀಯ ಎಂದೆ. ಅವನು ಹೊಡೆಯುತ್ತಲೇ ಇದ್ದ. ಮತ್ತೆ ಕೇಳಿದೆ. "ನಿಂಗೆ ಹೇಳಿದ್ರೆ ಅರ್ಥ ಆಗ್ತದಾ? ಪಾಸ್‌ವರ್ಡ್ ಕೊಟ್ರೆ ನಾಳೆ ಏನಾರೂ ಅಳಿಸ್ಕಂಡು ಕೂತ್ಕಂತಿ," ಎಂದ, ತಲೆ ಎತ್ತದೆ.

"ಅಳಿಸಿದ್ರೆ ನಂದೇ ಅಳಿಸೋದು," ಎಂದೆ.

ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದೆ.

ಪರದೆ ಕಪ್ಪಾಯಿತು. ಹಾಗೆ ಆರಿಸಬಾರದು ಎಂದು ನಮಗೆ ಮೊದಲ ಪಾಠದಲ್ಲೇ ಹೇಳಿಕೊಟ್ಟವನು ಅವನು. ಬಾಯಿ ತೆರೆದು ನನ್ನನ್ನು ನೋಡಿದ. ನಾನು ಹೇಳಿದೆ, ಪರಿಮಳಾ, ಜೀವನದಲ್ಲಿ ಮೊದಲ ಸಲ ಅವನೆದುರು ಒಂದು ಮಾತನ್ನು ತುದಿ ಮುಟ್ಟಿಸಿದೆ. "ಇದು ನಿಧಾನ ಎದ್ರೂ ನಂದು, ಏಳದೇ ಇದ್ರೂ ನಂದು. ಹೊಡ್ದು ಹಾಕಿದ್ರೂ ನಂದೇ. ನೀನು ಸರಿಮಾಡಿ ಕೊಟ್ಟಿದ್ದು ಮಾತ್ರ ನಂದಲ್ಲ. ಏಳು ಅಲ್ಲಿಂದ."

ಎದ್ದ. ಹೋಗಿ ಗಾಡಿ ಹತ್ತಿದ. ಗಾಡಿ ತಿರುಗಿಸುವಾಗಲೂ ಈ ಕಡೆ ನೋಡಲಿಲ್ಲ.

ಕೆರಿಯಪ್ಪನ ಅರ್ಜಿಯನ್ನು ಕೈಯಲ್ಲೇ ಬರೆದುಕೊಟ್ಟೆ. ಸಾಲು ಓರೆಯಾಯಿತು. ಅವನು ಅದನ್ನೇ ಮಡಚಿಕೊಂಡು ಹೋದ.

ಕಮ್ಮಿಯಾದದ್ದು ಇದು ಇರಬೇಕು: ಬೇಡ ಎನ್ನುವ ಜಾಗ. ಉಳಿದದ್ದೆಲ್ಲ ಸರಿಯಾಗಿಯೇ ಇರುತ್ತದೆ, ಅದೊಂದು ಇರುವುದಿಲ್ಲ. ನಾನು ಗೆದ್ದಿಲ್ಲ. ಯಂತ್ರ ಇವತ್ತೂ ಅಷ್ಟೇ ಹೊತ್ತು ಕಾಯಿತು.

ನಿನ್ನ
ಮಮತಾ


ಇಸಳೂರು
೭ ಏಪ್ರಿಲ್ ೨೦೦೪

ಮಮತಾ,

ಕೇಂದ್ರದಿಂದಲ್ಲ, ಇಲ್ಲಿಯ ನನ್ನ ಮನೆಯಿಂದ ಬರೆಯುತ್ತಿದ್ದೇನೆ. ನಿನ್ನ ಪತ್ರಗಳನ್ನೆಲ್ಲ ಮತ್ತೆ ತೆಗೆದು ಕೊನೆಯವರೆಗೆ ಓದಿದೆ. ಬಲೂನಿನ ಮಾತು ಮೊದಲ ಪತ್ರದಲ್ಲೇ ಇತ್ತು. ನಾನು ಓದಿರಲಿಲ್ಲ. ಎರಡನೆಯ ಪತ್ರದಲ್ಲಿ ಓದಿದೆ. ಓದಿ ಗೊತ್ತಾಯಿತು. ಗೊತ್ತಾದ ಮೇಲೂ ರ್‍ಯಾಮ್ ಕಳಿಸಿದೆ. ಸುಸ್ತಾಗಿ ನೀನೇ ಬಂದು ಸೇರುತ್ತೀಯ ಎಂದುಕೊಂಡೆ.

ಪಾಸ್‌ವರ್ಡ್ ನಿನ್ನ ಹೆಸರು. ಇಂಗ್ಲಿಷಿನಲ್ಲಿ, ಎಲ್ಲ ಸಣ್ಣಕ್ಷರ. ಕೇಂದ್ರ ತೆರೆದ ದಿನ ಇದ್ದದ್ದು ಒಂದೇ ಕಂಪ್ಯೂಟರ್, ಕಲಿಯಲು ಬಂದವರಲ್ಲಿ ಮೊದಲನೆಯವಳು ನೀನು. ಅಂದು ಇಟ್ಟದ್ದು, ಬದಲಾಯಿಸಿಲ್ಲ. ದಿನವೂ ಬೆಳಿಗ್ಗೆ ಅದನ್ನು ಹೊಡೆದೇ ನನ್ನ ಕೆಲಸ ಶುರುವಾಗುವುದು.

ಸಂಬಂಧ ಕಡಿದ ಮೇಲೆ ಹೊಸ ಪಾಸ್‌ವರ್ಡ್ ಹಾಕಿಕೋ. ಹಾಕಿದ್ದನ್ನು ನನಗೊಂದು ಸಲ ಬರೆದು ತಿಳಿಸು. ಮರೆತರೆ ಕಷ್ಟ. ಬೇರೆ ಕಾರಣಕ್ಕಲ್ಲ.

ನಂದನ


ಸಿದ್ದಾಪುರ
೧೨ ಏಪ್ರಿಲ್ ೨೦೦೪

ಅಣ್ಣನಿಗೆ,

ಹೊಡೆದೆ. ತೆರೆಯಿತು. ಕಡಿದೆ. ಈಗ ಕಲ್ಲವ್ವನ ಚಾ ಬಾಯಿಗೆ ಮುಟ್ಟುವ ಮೊದಲೇ ಏಳುತ್ತದೆ. ವ್ಯಾಪಾರ ಹಾಳು ಮಾಡಿದಿರಿ ಎಂದು ಅವಳು ಗೊಣಗುತ್ತಿದ್ದಾಳೆ. ಎಕ್ಕಂಬಿಯವರು ಮರಳಿ ಬಂದಿಲ್ಲ, ಬರುವುದೂ ಇಲ್ಲ. ಬೇರೆ ಎರಡು ಲಗ್ನಪತ್ರಿಕೆ ಬಂದಿವೆ.

ನಿನ್ನ ಪತ್ರ ಓದಿ ನನ್ನ ಕಣ್ಣು ತುಂಬಿರಬೇಕು ಎಂದುಕೊಂಡಿರುತ್ತೀಯ. ಇಲ್ಲ ಅಣ್ಣ. ಸಿಟ್ಟು ಇನ್ನೂ ಹೆಚ್ಚಾಯಿತು. ದಿನವೂ ನನ್ನ ಹೆಸರು ಹೊಡೆದು ಬಾಗಿಲು ತೆರೆಯುತ್ತಿದ್ದವನು ನನ್ನ ಹೆಸರಿನ ಬೋರ್ಡು ಇಳಿಸಲು ಹೊರಟಿದ್ದೆ. ಅವೆರಡೂ ಒಬ್ಬನೇ ಮನುಷ್ಯನ ಕೈ. ನಿನಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಯಾವುದನ್ನು ಬೈಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುತ್ತ ಕೂರಬೇಕಿರಲಿಲ್ಲ.

ಗೊತ್ತಾದ ಮೇಲೂ ರ್‍ಯಾಮ್ ಕಳಿಸಿದೆ ಎಂದು ಬರೆದಿದ್ದೀಯಲ್ಲ, ಆ ಸಾಲು ನಿಜ. ಅದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಅದೂ ಅದೇ ಡಿಸ್ಕಿನ ನಕಲಾದ್ದರಿಂದ ಯಲ್ಲಾಪುರದ ಯಂತ್ರಕ್ಕೂ ಇದೇ ಪಾಸ್‌ವರ್ಡ್ ಇರುತ್ತದೆ ಎಂದು ನನಗೆ ಗೊತ್ತು. ಪರಿಮಳಾಳಿಗೆ ನಾನು ಹೇಳಿಲ್ಲ. ಅದನ್ನು ಹೇಳಬೇಕಾದವನು ನೀನು.

ಹೊಸ ಪಾಸ್‌ವರ್ಡ್ ಹಾಕಿದ್ದೇನೆ. ನಿನಗೆ ತಿಳಿಸುವುದಿಲ್ಲ. ಮರೆತರೆ ಮರೆಯುತ್ತೇನೆ, ಎಲ್ಲ ಅಳಿಸಿ ಮೊದಲಿನಿಂದ ಹಾಕಿಕೊಳ್ಳುತ್ತೇನೆ, ಒಂದು ವಾರ ಗಿರಾಕಿಗಳ ಬಾಯಿಂದ ಬೈಸಿಕೊಳ್ಳುತ್ತೇನೆ. ನನಗೇ ತಿಳಿಯದ ತೊಂದರೆ ಬಂದರೆ ನಿನಗೆ ಬರೆಯುತ್ತೇನೆ. ಬರೆದರೆ ಬಾ. ಬಂದವನು ಹೊರಗಿನ ಬೆಂಚಿನ ಮೇಲೆ ಕೂರು, ನಿನ್ನ ಸರದಿ ಬರುವವರೆಗೆ. ನಾನು ಪಾಸ್‌ವರ್ಡ್ ಹೊಡೆಯುವಾಗ ರಸ್ತೆಯ ಕಡೆ ಮುಖ ಮಾಡು. ನಾನು ಆಯಿತು ಎಂದ ಮೇಲೆ ತಿರುಗಬಹುದು.

ಮಮತಾ